ದಾಲ್ ಮಿಲ್ಲಿನ ಹಿಂದಿನ ಖೋಲಿ

ಪುರಸಭಾದ ದಾಖಲಾದಾಗ ಆ ದಾಲ್ ಮಿಲ್ಲಿಗಿ ಇನ್ನೂ ನಾಕು ಶೆಡ್ ಇದ್ದವು. ಹೋಗಿ ನಿಂತು ನೋಡಿದ್ರ ಎರಡೇ. ಮೂರನೇದರ ಮ್ಯಾಲಿನ ತಗಡಿನ ಪತ್ರಾ ಎಂದೋ ಗಾಳಿಗಿ ಹಾರಿಹೋಗಿ ಮುಂದಿನ ಗ್ವಾಡಿ ಒಂದು ಉಳಿದಿತ್ತು. ನಾಕನೇದು ನೆಲಕ್ಕ ಕೂತು, ಅದರ ನಡುವ ಜಾಲಿ ಬೆಳದು, ಆಡು ಮೇಯಾಕತ್ತಿದ್ದವು. ಟ್ಯಾಕ್ಸ್ ಮಾತ್ರ ನಾಕಕ್ಕೂ ಬರ್ತಿತ್ತು. ಅದೂ ಕಾರ್ಖಾನಿ ದರದಾಗ, ಮೊನ್ನೆ ಮೊನ್ನೆ ಕಟ್ಟಿಸಿದ ಹೊಸಾ ಕಟ್ಟಡಕ್ಕ ಹಾಕಿದಂಗ.

"ಇದೇನ್ರಿ ಸಾವ್ಕಾರ್ರ, ಜಾಲಿ ಗಿಡಕ್ಕೂ ಟ್ಯಾಕ್ಸ್ ಕಟ್ಟಾಕತ್ತೀರಲ್ಲ?" ಅಂದೆ.

"ಕಟ್ಟಾಕತ್ತಿದ್ರ ನಿಮ್ಮನ್ಯಾಕ ಕರೀತಿದ್ದೆ ಮೇಡಂ?" ಅಂದು ಮಿಲ್ಲಿನ ಮಾಲಕರು ನಕ್ಕರು.

ಕಟ್ಟಿದ್ದಿಲ್ಲ. ಬಾಕಿ ಬೆಳಕೋತ ಹೋಗಿತ್ತು. ಬಾಕಿ ಇದ್ರ ಪುರಸಭಾದವರು ಬೇಬಾಕಿ ಪತ್ರ ಕೊಡಂಗಿಲ್ಲ. ಅದಿಲ್ದ ಮಿಲ್ಲಿನ ಲೈಸನ್ಸ್ ಮುಂದುವರಿಯಂಗಿಲ್ಲ. ಹೊಸಾ ತೊಗರಿ ರಾಶಿ ಸುರು ಆಗೋದ್ರಾಗ ಲೈಸನ್ಸ್ ಕೈಗಿ ಬರಲಿಲ್ಲಂದ್ರ ಮಿಲ್ಲಿಗಿ ಕೀಲಿ ಬೀಳ್ತಿತ್ತು. ನಾ ಹೋದಾಗ ಆಗಲೇ ದಸರಾ ಮುಗದಿತ್ತು.

ನಾ ಆಳಂದದಾಗ ಟ್ಯಾಕ್ಸಿನ ಕೆಲಸ ಮಾಡಾಕಿ. ಅಂಗಡಿಯವರ ರಿಟರ್ನ್, ಲೈಸನ್ಸ್, ಖಾತಾ, ಇಂಥವೇ. ಬಸ್ ಸ್ಟ್ಯಾಂಡಿನ ಬಾಜೂಕ ಒಂದು ಖೋಲಿ, ಒಂದು ಕಂಪ್ಯೂಟರ್. ಸಾವ್ಕಾರ್ರು ನನ್ನ ಕಡಿ ಬಂದದ್ದು ನಾ ಶಾಣ್ಯಾಕಿ ಅಂತಲ್ಲ, ಊರಾಗಿನ ದೊಡ್ಡ ಆಡಿಟರ್ ಕಡಿ ಹೋದ್ರ ಸುದ್ದಿ ಬಜಾರಕ್ಕ ಬರ್ತದ ಅಂತ. ಅದು ಅವರು ಹೇಳಿದ್ದಿಲ್ಲ. ನನಗ ಹೊಳಿಬೇಕಿತ್ತು, ಹೊಳೀಲಿಲ್ಲ.

ಕೆಲಸ ಸುರು ಮಾಡಿದೆ. ಪುರಸಭಾದವರು ಲೆಕ್ಕ ಹಾಕೋದು ಹಿಂಗ: ಜಾಗಾದ ಸರ್ಕಾರಿ ದರ ಹಿಡೀತಾರ, ಕಟ್ಟಡದ ದರ ಹಿಡೀತಾರ, ಕಟ್ಟಡ ಎಷ್ಟು ಹಳೇದೋ ಅದರ ಪ್ರಕಾರ ಸವಕಳಿ ಅಂತ ಅಷ್ಟು ಕಳೀತಾರ, ಉಳಿದ ಕಿಮ್ಮತ್ತಿನ ಮ್ಯಾಲೆ ಟ್ಯಾಕ್ಸ್. ವಾಸದ ಮನಿಗಿ ಕಡಿಮಿ, ಧಂದೆದ ಕಟ್ಟಡಕ್ಕ ಜಾಸ್ತಿ. ನಮ್ಮ ಮಿಲ್ಲಿನ ಹಾಳ್ಯಾಗ ಕಟ್ಟಡದ ವಯಸ್ಸಿನ ಕಾಲಂ ಖಾಲಿ ಬಿಟ್ಟಿದ್ರು, ಅದಕ್ಕ ಸವಕಳಿ ಒಂದು ಪೈ ಕಳದಿದ್ದಿಲ್ಲ. ಜಾಗಾದ ದರ ದೊಡ್ಡ ರಸ್ತಾದ್ದು ಹಾಕಿದ್ರು, ಮಿಲ್ಲಿರೋದು ಒಳಗಿನ ಸಂದ್ಯಾಗ. ಬಿದ್ದ ಶೆಡ್ಡು ಎರಡೂ ಲೆಕ್ಕದಾಗ ಗಟ್ಟಿಮುಟ್ಟಾಗಿ ನಿಂತಿದ್ದವು.

ಸಬ್ ರಿಜಿಸ್ಟ್ರಾರ್ ಕಚೇರಿಗಿ ಹೋಗಿ ಆ ಸಂದಿಯ ದರದ ಪ್ರತಿ ತಗಸಿದೆ. ಸಾವ್ಕಾರ್ರು ಒಂದು ಲೈನಿನ ಮಷೀನ್ ನಿಲ್ಲಿಸಿ ಕರೆಂಟಿನ ಲೋಡ್ ಇಳಿಸಿದ್ರು, ಆ ಬಿಲ್ಲು ಜೋಡಿಸಿದೆ. ಆಮ್ಯಾಲೆ ಟೇಪು ಹಿಡಕೊಂಡು ನಾನೇ ಅಳೀಲಿಕ್ಕ ನಿಂತೆ. ಒಂದು ತುದಿ ಸಾವ್ಕಾರ್ರ ಕೈಯಾಗ, ಒಂದು ನನ್ನ ಕೈಯಾಗ. ಮೊದಲನೇ ಶೆಡ್ಡಾತು. ಎರಡನೇದರಾಗ ಅರ್ಧಕ್ಕ ಬಂದಾಗ ಟೇಪು ಒಂದು ಇಟಗಿ ಗ್ವಾಡಿಗಿ ತಾಗಿ ನಿಂತಿತು. ಗ್ವಾಡಿಗೊಂದು ಬಾಗಲಾ. ಸಾವ್ಕಾರ್ರು ಟೇಪು ಸುತ್ತಾಕತ್ತಿದ್ರು.

"ಇದರ ಹಿಂದ ಇನ್ನೂ ಅದಲ್ರಿ," ಅಂದೆ.

"ಅಲ್ಲಿ ಹಳೇ ಸಾಮಾನ ಅದಾವು. ಬಿಡ್ರಿ."

ಅಷ್ಟರಾಗ ಒಳಗಿಂದ ಕುಕ್ಕರ್ ಸೀಟಿ ಹೊಡೀತು.

ಸಾವ್ಕಾರ್ರ ಮಾರಿ ನೋಡಬೇಕಿತ್ತು. ಐವತ್ತು ದಾಟಿದ ಮನಷಾ, ಬಿಳಿ ಧೋತ್ರ, ಹಣಿಗಿ ವಿಭೂತಿ. ಬಜಾರದಾಗ ಬಂದ್ರ ಮಂದಿ ಕುರ್ಚಿ ಬಿಟ್ಟು ಏಳ್ತಿದ್ರು. ಕಳ್ಳತನ ಮಾಡಿ ಸಿಕ್ಕಿಬಿದ್ದೋರ್ಹಂಗ ಟೇಪು ಹಿಡಕೊಂಡು ನಿಂತಿದ್ರು. ಆಮ್ಯಾಲೆ ತಾವೇ ಮೆಲ್ಲಕ ಬಾಗಲಾ ಬಡದ್ರು. "ಕೇಳಿತೇನು, ಮೇಡಂ ಬಂದಾರ," ಅಂದ್ರು. ಒಳಗಿಂದ ಸ್ವಲ್ಪ ಹೊತ್ತು ಬಿಟ್ಟು ಚಿಲಕಾ ತೆಗೆದ ಸಪ್ಪಳಾತು.

ಒಳಗ ಸಂಸಾರ ಇತ್ತು. ಸಾವ್ಕಾರ್ತಿ, ಕಾಲೇಜಿಗಿ ಹೋಗೋ ಮಗಳು, ಎರಡು ಮಂಚ, ಒಂದು ಗ್ಯಾಸ್ ಒಲಿ. ಊರ ನಡುವಿನ ದೊಡ್ಡ ಮನಿ ಬಾಡಿಗಿ ಕೊಟ್ಟೇವಿ, ಹೊಸಾ ಮನಿ ಕಟ್ಟಿಸೋ ತನಕ ಮಿಲ್ಲಿನ ಕಡಿ ಒಂದು ಮನಿ ಹಿಡದು ಇರ್ತೇವಿ ಅಂತ ಊರಿಗೆಲ್ಲಾ ಹೇಳಿದ್ರಂತ. ಬಾಡಿಗಿ ಅಲ್ಲ, ಅಫಜಲಪುರದ ಒಬ್ಬ ವ್ಯಾಪಾರಿಗಿ ಮಾರೇ ಬಿಟ್ಟಿದ್ರು. ಮಿಲ್ಲು ಉಳಿಸಲಿಕ್ಕ.

"ಇದೊಂದು ಕಾಗದದಾಗ ಬರಬಾರದು ಮೇಡಂ," ಅಂದ್ರು ಸಾವ್ಕಾರ್ರು. "ಉಳಿದದ್ದು ನಿಮಗ ಹೆಂಗ ಬೇಕೋ ಹಂಗ ಮಾಡ್ರಿ."

ನಮ್ಮ ಕಡಿ ಸಣ್ಣ ಮಿಲ್ಲು ನಡಿಯೋದು ರೊಕ್ಕದ ಮ್ಯಾಲೆ ಅಲ್ಲ. ರೈತರು ತೊಗರಿ ತಂದು ಸುರೀತಾರ, ಬ್ಯಾಳಿ ಮಾರಿದ ಮ್ಯಾಲೆ ರೊಕ್ಕ ಒಯ್ತಾರ. ಬಜಾರದಾಗ ದಲಾಲಿ ಮಾಡೋ ಅಡತಿ ಅಂಗಡಿಯವರೂ ಹಂಗೇ, ಮಾಲು ಮೊದಲು, ರೊಕ್ಕದ ಪಟ್ಟಿ ಆಮ್ಯಾಲೆ. ಬ್ಯಾಂಕಿನವರಂಗ ಅವರೇನು ಜಾಮೀನು ಕೇಳಂಗಿಲ್ಲ. ಸಾವ್ಕಾರ್ರಿಗಿ ಊರಾಗ ಮನಿ ಅದ, ಮುಂದಿನ ವರ್ಷನೂ ಇಲ್ಲೇ ಇರ್ತಾರ, ಅಷ್ಟೇ ಅವರ ಜಾಮೀನು. ಹಂಗಾಗಿ ಆ ಬಾಗಲಾ ಮುಚ್ಚಿರೋದು ಬರೇ ಮರ್ಯಾದಿ ಪ್ರಶ್ನಾ ಅಲ್ಲ, ಹೊಟ್ಟಿ ಪ್ರಶ್ನಾನೂ ಹೌದು. ಇದನ್ನ ಸಾವ್ಕಾರ್ರು ನನ್ನ ಎದುರಿಗಿ ಕೂತು ಬಿಡಿಸಿ ಹೇಳಿದ್ರು. ನನಗ ಗೊತ್ತಿದ್ದಿಲ್ಲ ಅಂತ ಹೇಳಾಕ ಬರಂಗಿಲ್ಲ.

ಆತು, ಆ ಖೋಲಿ ಬಿಟ್ಟೇ ಆಕ್ಷೇಪಣಾ ಅರ್ಜಿ ಬರದೆ. ಎರಡು ಶೆಡ್ ಇಲ್ಲ, ಒಂದು ಲೈನ್ ಬಂದ್ ಅದ, ಕಟ್ಟಡ ಹಳೇದದ, ಸ್ಥಳಕ್ಕ ಬಂದು ನೋಡಿ ಕಿಮ್ಮತ್ತು ಹೊಸದಾಗಿ ಕಟ್ರಿ ಅಂತ. ಪುರಸಭಾದ ಕಂದಾಯ ಅಧಿಕಾರಿ ದೀಪಾವಳಿಗಿಂತ ಮೊದಲೇ ಬರ್ತೇನಿ ಅಂದ್ರು. ನಾ ಸಾವ್ಕಾರ್ರಿಗಿ ಫೋನ್ ಮಾಡಿ, "ಸಾಹೇಬ್ರು ಬರಾಕತ್ತಾರ, ತಯ್ಯಾರಿ ಇಟ್ಕೋರಿ," ಅಂದೆ. ತಯ್ಯಾರಿ ಅಂದ್ರ ಕಾಗದದ್ದು ಅಂತ ನನ್ನ ತಲ್ಯಾಗ.

ಅವತ್ತು ಸಾಹೇಬ್ರ ಜೀಪಿನ ಹಿಂದ ನನ್ನ ಸ್ಕೂಟಿ. ಸಂದಿ ತಿರುಗಿದ ಕೂಡ್ಲೇ ಬ್ರೇಕ್ ಹಾಕಿದೆ. ಮಿಲ್ಲು ಬೆಳ್ಳಗ ಹೊಳ್ಯಾಕತ್ತಿತ್ತು! ಮುಂದಿನ ಗ್ವಾಡಿಗೆಲ್ಲಾ ಹೊಸಾ ಸುಣ್ಣ. ಪತ್ರಾ ಹಾರಿದ ಮೂರನೇ ಶೆಡ್ಡಿನ ಗ್ವಾಡಿಗೂ ಸುಣ್ಣ. ಬಾಗಲಿಗಿ ಮಾವಿನ ತೋರಣ, ಮಿಲ್ಲಿನ ಹೆಸರು ಕೆಂಪು ಬಣ್ಣದಾಗ ಹೊಸದಾಗಿ ಬರಿಸಿದ್ರು. ಇದೆಲ್ಲಾ ಸಾಲದು ಅಂತ ಒಳಗ ಗಡಗಡ ಸಪ್ಪಳ ಬ್ಯಾರೆ. ಬಂದ್ ಅದ ಅಂತ ನಾ ಅರ್ಜ್ಯಾಗ ಬರದ ಲೈನ್ ಚಾಲೂ ಇತ್ತು!

ಸಾವ್ಕಾರ್ರನ್ನ ಒಂದು ಕಡಿ ಎಳಕೊಂಡು ಹೋಗಿ, "ಏನ್ರಿ ಇದು?" ಅಂದೆ.

"ಸಾಹೇಬ್ರು ಬರೋ ಹೊತ್ತಿಗಿ ಮಿಲ್ಲು ನಿಂತಿದ್ರ ಛಲೋ ಕಾಣಸ್ತದೇನ್ರಿ? ಬಾಜೂದವರ ಕಡಿಂದ ಒಂದೀಟು ತೊಗರಿ ತಂದು ಹಾಕೇನಿ," ಅಂದ್ರು. "ಮತ್ತ ಹಬ್ಬ ಹತ್ತಿರ ಬಂತಲ್ರಿ. ಲಕ್ಷ್ಮೀಪೂಜಿಗಿ ಸುಣ್ಣ ಹೊಡಿಲೇಬೇಕಿತ್ತು, ನಾಕು ದಿನ ಮೊದಲು ಹೊಡಸಿದೆ."

ಅವರಿಗಿ ಬೈಯಬೇಕಂದ್ರ ಬೈಗುಳ ಬರವಲ್ದು. ಮನಿಗಿ ಬೀಗರು ಬಂದ್ರ ಮಾಡ್ತಾರಲ್ಲ, ಅದನ್ನೇ ಮಾಡಿದ್ರು. ಸಾಹೇಬ್ರಿಗಿ ಶೇಂಗಾ ಹೋಳಿಗಿ, ತುಪ್ಪ, ಮಿರ್ಚಿ ಭಜಿ. ಸಾಹೇಬ್ರು ಕೂತು ಉಂಡ್ರು, ಎದ್ದು ಕೈ ತೊಳಕೊಂಡ್ರು, ಬಿದ್ದ ಶೆಡ್ಡಿನ ಕಡಿ ಕಾಲು ಹಾಕಲಿಲ್ಲ. ಜೀಪು ಹತ್ತೋ ಮುಂದ ನನ್ನ ಕಡಿ ತಿರುಗಿ, "ಇದೇನ್ರಿ ಮೇಡಂ ನೀವು ಬರದ ಪಾಳು ಬಿದ್ದ ಮಿಲ್ಲು? ಹಿಂಗ ಪಾಳು ಬೀಳೋದಾದ್ರ ನನ್ನ ಮನೀನೂ ಬೀಳಲಿ," ಅಂತ ನಕ್ಕರು. ಡ್ರೈವರ್ ನಕ್ಕ. ಗೇಟಿನ ಹತ್ರ ನಿಂತ ಹಮಾಲರೂ ನಕ್ಕರು.

ವರದಿಯಾಗ "ಕಟ್ಟಡ ಸುಸ್ಥಿತಿಯಲ್ಲಿದೆ, ಘಟಕ ಚಾಲ್ತಿಯಲ್ಲಿದೆ" ಅಂತ ಬಂತು. ಅರ್ಜಿ ವಜಾ. ಪುರಸಭಾದ ಕಟ್ಟಿ ಮ್ಯಾಲೆ ಗುಮಾಸ್ತರು ನನ್ನ ಕಂಡ್ರ, "ಪಾಳು ಮಿಲ್ಲಿನ ಮೇಡಂ ಬಂದ್ರು," ಅನ್ನಾಕತ್ತಿದ್ರು. ನನಗ ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟನ್ನ ನಾ ಸಾವ್ಕಾರ್ರ ಸಲುವಾಗಿ ಅಂತ ತಿಳಕೊಂಡಿದ್ದೆ.

ಕಲಬುರಗಿಗಿ ಹೋಗಿ ಮೇಲಿನ ಅಧಿಕಾರಿ ಕಡಿ ಅಪೀಲು ಹಾಕಿದೆ. ಬಿದ್ದ ಶೆಡ್ಡಿನ ಫೋಟೋ ಒಳಗಿಂದ, ಹೊರಗಿಂದ, ಜಾಲಿ ಗಿಡ ಸುದ್ದಾ ಕಾಣೋಹಂಗ ತಗದಿದ್ದೆ. ಕರೆಂಟ್ ಬಿಲ್ಲು ತೋರಿಸಿ, "ಮಿಲ್ಲು ಚಾಲೂ ಇದ್ರ ಇಷ್ಟು ಕಮ್ಮಿ ಬಿಲ್ಲು ಹೆಂಗ ಬರ್ತದ್ರಿ ಸಾಹೇಬ್ರ?" ಅಂತ ಕೇಳಿದೆ. ಅವರು ಕನ್ನಡಕಾ ಮ್ಯಾಲೆತ್ತಿ ಬಿಲ್ಲು ನೋಡಿದ್ರು, ವರದಿ ನೋಡಿದ್ರು. ಪುನಃ ಅಳತಿ ಆಗಬೇಕು, ಇಂಜಿನಿಯರ್ ಇರಬೇಕು, ಇಬ್ಬರು ಪಂಚರ ಮುಂದ ಪಂಚನಾಮಾ ಆಗಬೇಕು ಅಂತ ಆದೇಶ ಬರದ್ರು. "ಏನು ತೋರಿಸೋದದನೋ ಅವತ್ತೇ ತೋರಸ್ರಿ. ಮತ್ತೊಮ್ಮೆ ನನ್ನ ಕಡಿ ಬರಬ್ಯಾಡ್ರಿ," ಅಂತ ನನಗ ಹೇಳಿದ್ರು.

ಬಸ್ಸಿನ್ಯಾಗ ವಾಪಸ್ ಬರೋ ಮುಂದ ಲೆಕ್ಕ ಹಾಕಿದೆ. ಸವಕಳಿ ಸಿಕ್ಕು, ಎರಡು ಶೆಡ್ ಹೋದ್ರ ಸಾವ್ಕಾರ್ರು ಕಟ್ಟೋವಷ್ಟು ಆಗ್ತದ. ಇವೆರಡರಾಗ ಒಂದು ಕೈ ತಪ್ಪಿದ್ರೂ ಆಗಂಗಿಲ್ಲ. ಆಗ ಉಳಿಯೋದು ಒಂದೇ ದಾರಿ, ಹಿಂದಿನ ಖೋಲಿ ವಾಸದ ಮನಿ ಅಂತ ಬರಿಸೋದು. ಸಾವ್ಕಾರ್ರಿಗಿ ಹೇಳಿ ನೋಡಿದೆ. "ಅದನ್ನ ಬಿಟ್ಟು ಬ್ಯಾರೆ ಮಾತಾಡ್ರಿ," ಅಂದ್ರು.

ಪಂಚನಾಮಾದ ದಿನ ಸಾವ್ಕಾರ್ರಿಗಿ, "ಈ ಸಲ ಏನೂ ಮಾಡಬ್ಯಾಡ್ರಿ, ಚಹಾ ಸುದ್ದಾ ಬ್ಯಾಡ," ಅಂತ ತಾಕೀತು ಮಾಡಿದ್ದೆ. ಮಾಡಲಿಲ್ಲ. ಕಂದಾಯ ಅಧಿಕಾರಿ ಅವರೇ, ಜೋಡಿ ಒಬ್ಬ ಇಂಜಿನಿಯರ್. ಪಂಚರು ಯಾರು ಅಂದ್ರ, ಬಾಜೂದಾಗ ಕೈಗಿ ಸಿಕ್ಕವರು. ಒಬ್ಬ ಎದುರಿನ ವೆಲ್ಡಿಂಗ್ ಅಂಗಡಿಯವ. ಇನ್ನೊಬ್ಬರು ಬಜಾರದ ಅಡತಿ ಅಂಗಡಿ ಮಾಲಕರು, ಏನೋ ಕೆಲಸಕ್ಕ ಆ ಕಡಿ ಬಂದಿದ್ರು, ಅಧಿಕಾರಿಗಳು ಕರದು ನಿಲ್ಲಿಸಿದ್ರು. ಸಾವ್ಕಾರ್ರಿಗಿ ವರ್ಷಾ ವರ್ಷಾ ಉದ್ರಿ ಮಾಲು ಕೊಡೋರೇ ಅವರು.

ಇಂಜಿನಿಯರ್ ಬಿದ್ದ ಶೆಡ್ ನೋಡಿದ. ನಾಕನೇದು ಇಲ್ಲ ಅಂತ ಬರಕೊಂಡ. ಮೂರನೇದರ ಮುಂದ ನಿಂತು ಸುಣ್ಣದ ಗ್ವಾಡಿಗಿ ಕೈ ಬಡದ. "ಗ್ವಾಡಿ ಗಟ್ಟಿ ಅದ. ಸುಣ್ಣ ಹೊಡಿಸಿ ಇಟ್ಕೊಂಡೀರಿ ಅಂದ್ರ ಉಪಯೋಗದಾಗ ಅದ. ನಾಳೆ ಮ್ಯಾಲೆ ಪತ್ರಾ ಹಾಕಿದ್ರ ಶೆಡ್ಡೇ ಅಲ್ರಿ ಇದು?" ಅಂದ. ನಾ ಎಷ್ಟು ಬಡಕೊಂಡ್ರೂ ಅದನ್ನ ತೆಗೀಲಿಲ್ಲ. ಆಮ್ಯಾಲೆ ಸವಕಳಿಗಿ ಬಂದ. ಕಟ್ಟಿದಾಗಿನ ಪರವಾನಗಿ ಎಲ್ಲಿ ಅಂದ. ಅದು ಸಾವ್ಕಾರ್ರ ಅಪ್ಪನ ಕಾಲದ್ದು, ಸಿಕ್ಕಿದ್ದಿಲ್ಲ. "ವಯಸ್ಸಿನ ಪುರಾವಾ ಇಲ್ದ ಸವಕಳಿ ಪೂರಾ ಕೊಡಾಕ ಬರಂಗಿಲ್ಲ ಮೇಡಂ."

ಕೈಯಾಗಿಂದ ಜಾರಾಕತ್ತಿತ್ತು. ಕಂದಾಯ ಅಧಿಕಾರಿ ಪ್ಯಾಡಿನ ಮ್ಯಾಲೆ ಬರಕೋತ, "ಎರಡನೇ ಶೆಡ್, ಪೂರಾ ಗೋದಾಮು, ಧಂದೆದ್ದು," ಅಂತ ಬಾಯಿಲೆ ಅಂದ್ರು. ಅಂದು ನನ್ನ ನೋಡಿ ನಕ್ಕರು. ಅದೇ, ಜೀಪು ಹತ್ತೋ ಮುಂದಿನ ನಗಿ.

ಸಾವ್ಕಾರ್ರು ದೂರ ನಿಂತಿದ್ರು. ಅವರನ್ನ ಒಂದು ಮಾತು ಕೇಳಬಹುದಿತ್ತು. ನಾ ಕೇಳಲಿಲ್ಲ. "ಪೂರಾ ಗೋದಾಮಲ್ರಿ ಸಾಹೇಬ್ರ," ಅಂದವಳೇ ದರಾದರಾ ನಡದು ಹೋಗಿ ಆ ಬಾಗಲಾ ನೂಕಿದೆ.

ಬಾಗಲಿಗಿ ಚಿಲಕಾ ಹಾಕಿದ್ದಿಲ್ಲ. ಹಗಲಿನ್ಯಾಗ ಹಿಂದಿನ ಕಡಿ ಯಾರೂ ಬರಂಗಿಲ್ಲ ಅನ್ನೋ ನಂಬಿಕಿ. ಸಾವ್ಕಾರ್ತಿ ತಲಿ ಎರಕೊಂಡು, ಹಸಿ ಕೂದಲಾ ಬಿಟ್ಕೊಂಡು, ನೆಲದ ಮ್ಯಾಲೆ ಕೂತು ಮೆಂತೆಪಲ್ಯ ಸೋಸಾಕತ್ತಿದ್ರು. ಮಗಳು ಮಂಚದ ಮ್ಯಾಲೆ ಮಲಗಿದ್ದಳು, ಜ್ವರ ಇತ್ತಂತ. ಬಾಗಲಾ ತುಂಬ ಐದಾರು ಗಂಡಸರು. ಸಾವ್ಕಾರ್ತಿ ಕೂದಲಾ ಮುಚ್ಚಿಕೊಳ್ಳಬೇಕೋ, ಮಗಳ ಮ್ಯಾಲೆ ಚಾದರಾ ಎಳಿಬೇಕೋ ತಿಳೀಲಾರದ ಎರಡೂ ಕೈ ಮ್ಯಾಲೆತ್ತಿ ಹಂಗೇ ನಿಂತಬಿಟ್ರು.

ಆಮ್ಯಾಲೆ ಎಲ್ಲಾ ಕಾಯ್ದೆ ಪ್ರಕಾರ ಆತು. ಇಂಜಿನಿಯರ್ ಮಂಚ ಸುತ್ತಿ ಟೇಪು ಹಾಕಿದ. ಒಲಿ, ಬಚ್ಚಲಾ, ದೇವರ ಜಗಲಿ, ಒಂದೊಂದೇ ಬರಕೊಂಡ. ಕಂದಾಯ ಅಧಿಕಾರಿ ಸಾವ್ಕಾರ್ರನ್ನ ಕೇಳಿದ್ರು, "ಇಲ್ಲಿ ವಾಸ ಇದ್ದೀರೇನ್ರಿ?"

"ಹೌದ್ರಿ."

"ಊರಾಗ ನಿಮ್ಮ ಮನಿ ಅದಲ್ರಿ? ಎರಡು ಕಡಿ ವಾಸ ಬರಿಯಾಕ ಬರಂಗಿಲ್ಲ ನೋಡ್ರಿ. ಅದೇನು ಬಾಡಿಗಿ ಕೊಟ್ಟೀರಿ?"

ಸಾವ್ಕಾರ್ರು ನನ್ನ ನೋಡಿದ್ರು. ಅಡತಿ ಮಾಲಕರನ್ನ ನೋಡಲಿಲ್ಲ.

"ಮಾರೇನ್ರಿ," ಅಂದ್ರು.

"ಎಲ್ಲಾ?"

"ಎಲ್ಲಾ."

ಪಂಚರಿಬ್ಬರೂ ಸಹಿ ಮಾಡಿದ್ರು. ಅಡತಿ ಮಾಲಕರು ಸಹಿ ಮಾಡಿ ಪೆನ್ನು ಕಿಸೆದಾಗ ಇಟ್ಟು, ಸಾವ್ಕಾರ್ರಿಗಿ ನಮಸ್ಕಾರ ಮಾಡದೇ ಹೋದ್ರು. ಅದನ್ನ ನಾ ಕಂಡೆ. ಕಂಡೂ ಒಳಗೊಳಗ ಏನಂದುಕೊಂಡೆ ಗೊತ್ತೇನು? ಗೆದ್ದೆ ಅಂದುಕೊಂಡೆ. ಥೂ ನನ್ನ.

ಎಲ್ಲಾರೂ ಹೋದ ಮ್ಯಾಲೆ ಟೇಪು, ಫೈಲು ಎತ್ತಿಕೊಳ್ಳಾಕ ಹಿಂದಿನ ಖೋಲಿಗಿ ಹೋದೆ. ಸಾವ್ಕಾರ್ತಿ ತಲಿ ತುಂಬ ಸೆರಗು ಹೊತ್ಕೊಂಡು ಅದೇ ಪಲ್ಯ ಸೋಸಾಕತ್ತಿದ್ರು.

"ಅಕ್ಕೋರ, ತಪ್ಪು ತಿಳಕೋಬ್ಯಾಡ್ರಿ," ಅಂದೆ. "ಬ್ಯಾರೆ ದಾರಿ ಇದ್ದಿಲ್ಲ."

"ತಪ್ಪು ಎಲ್ಲಿದು ತಂಗಿ," ಅಂದ್ರು. ತಲಿ ಎತ್ತಲಿಲ್ಲ. "ಬಾಗಲಾ ಒಂದು ಬಡದಿದ್ರ ಸಾಕಿತ್ತು. ಕೂದಲರೆ ಕಟ್ಕೋತಿದ್ದೆ."

ನಾ ಬಡೀಲಿಲ್ಲ. ಸಾವ್ಕಾರ್ರು ತಮ್ಮ ಸ್ವಂತ ಬಾಗಲಾ ಬಡದು ನಿಂತದ್ದನ್ನ ಕಣ್ಣಾರೆ ನೋಡಿದಾಕಿ, ಬಡೀಲಿಲ್ಲ.

ಮತ್ತ ನನಗ ಗೊತ್ತಿಲ್ಲದ ಸಂಗತಿ ಏನೂ ಅಲ್ಲ ಇದು. ನಾ ಸರಸಂಬಾ ಹಳ್ಳಿಯಾಕಿ. ನಮ್ಮ ಓಣಿಗಿ ಬಡವರ ಪಟ್ಟಿ ಮಾಡಾಕ ಬರೋ ಮಂದಿ ಬಾಗಲಾ ಬಡೀತಿದ್ದಿಲ್ಲ. ನೆಟ್ಟಗ ಅಡಗಿ ಮನಿಗಿ ಬಂದು, ಹಿಟ್ಟಿನ ಡಬ್ಬಿ ಮುಚ್ಚಳಾ ತಗದು ತೋರ್ಸಂತ ನಮ್ಮವ್ವಗ ಹೇಳ್ತಿದ್ರು. ಡಬ್ಬಿ ಖಾಲಿ ಇದ್ರ ಅವರಿಗಿ ಖುಷಿ, ಬರಕೋತಿದ್ರು. ಅವರು ಹೋದ ಮ್ಯಾಲೆ ಅವ್ವ ಸಂಜೀ ತನಕ ಯಾರ ಜೋಡಿನೂ ಮಾತಾಡ್ತಿದ್ದಿಲ್ಲ. ಓದಿ ನೌಕರಿ ಹಿಡಿದ್ರ ಆ ಮಂದಿ ಹಂಗ ಆಗಬಾರದು ಅಂತ ಸಣ್ಣಾಕಿದ್ದಾಗ ಅಂದ್ಕೊಂಡಿದ್ದೆ. ನಾ ಸರ್ಕಾರಿ ನೌಕರಿ ಹಿಡೀಲಿಲ್ಲ, ಆದ್ರ ಆ ಕೆಲಸ ಮಾತ್ರ ಮಾಡಿದೆ.

ಬ್ಯಾರೆ ದಾರಿ ಇದ್ದಿಲ್ಲ ಅಂದದ್ದೂ ಸುಳ್ಳು. ಅವರ ಗ್ಯಾಸಿನ ಪುಸ್ತಕದಾಗ ಮಿಲ್ಲಿನ ವಿಳಾಸ ಇತ್ತು. ಅದನ್ನಿಟ್ಟು ವಾಸದ ಭಾಗಕ್ಕ ಬ್ಯಾರೆ ಅರ್ಜಿ ಕೊಟ್ರ ಗುಮಾಸ್ತ ಒಬ್ಬ ಬಂದು ನೋಡಿ ಹೋಗ್ತಿದ್ದ. ಪಂಚರಿಲ್ಲ, ಪಂಚನಾಮಾ ಇಲ್ಲ. ಸ್ವಲ್ಪ ತಡಾ ಆಗ್ತಿತ್ತು. ಸಾವ್ಕಾರ್ರಿಗಿ ಬಿಡಿಸಿ ಹೇಳಿದ್ರ ಒಪ್ತಿದ್ರೋ ಏನೋ. ಪಂಚರಿಲ್ಲದ ಈ ದಾರಿ ನಾ ಅವರಿಗಿ ಹೇಳಲೇ ಇಲ್ಲ. ಅವತ್ತು ನನಗ ಆ ನಗೀಗಿ ಉತ್ತರ ಕೊಡಬೇಕಾಗಿತ್ತು, ಅಷ್ಟೇ.

ಆದೇಶ ಬಂತು. ನಾಕನೇ ಶೆಡ್ ಹೋತು, ಸಂದಿಯ ದರ ಹಿಡದ್ರು, ಹಿಂದಿನ ಭಾಗಕ್ಕ ವಾಸದ ದರ ಬಿತ್ತು. ಬಾಕಿ ಸಾವ್ಕಾರ್ರು ಕಟ್ಟೋವಷ್ಟಕ್ಕ ಇಳೀತು. ಕಟ್ಟಿದ್ರು. ರಾಶಿಗಿಂತ ಮೊದಲೇ ಲೈಸನ್ಸ್ ಕೈಗಿ ಬಂತು. ಪುರಸಭಾದ ಗುಮಾಸ್ತರು ನನಗ ಕುರ್ಚಿ ಸರಿಸಾಕತ್ತಿದ್ರು. ಸಾವ್ಕಾರ್ರು ನನ್ನ ಆಫೀಸಿಗಿ ತಾವೇ ಬಂದು ನನ್ನ ಫೀ ಕೊಟ್ಟು, ಒಂದು ಡಬ್ಬಿ ಪೇಡೆ ಇಟ್ರು.

"ಸಾವ್ಕಾರ್ರ, ನಾ ಅವತ್ತು ಕೇಳದೇ..." ಅಂದೆ.

"ನೀವು ನಿಮ್ಮ ಕೆಲಸ ಮಾಡಿದ್ರಿ ಮೇಡಂ," ಅಂದು ಮಾತು ಅಲ್ಲಿಗೇ ನಿಲ್ಲಿಸಿದ್ರು.

ರಾಶಿ ಮುಗದು ತೊಗರಿ ಬಜಾರಕ್ಕ ಬರೋ ಹೊತ್ತಿಗಿ ಸರಸಂಬಾದಿಂದ ನಮ್ಮ ಕಾಕಾ ಬಂದಿದ್ದ. ವರ್ಷಾ ವರ್ಷಾ ಅದೇ ಮಿಲ್ಲಿಗಿ ತೊಗರಿ ಹಾಕ್ತಿದ್ದ. ಈ ಸಲ ಟೆಂಪೋ ಬ್ಯಾರೆ ಕಡಿ ತಿರುಗಿಸಿದ್ದ.

"ಯಾಕ ಕಾಕಾ, ಆ ಸಾವ್ಕಾರ್ರು ಎಂದಾದ್ರೂ ನಿನ್ನ ರೊಕ್ಕ ಮುಳುಗಿಸ್ಯಾರೇನು?"

"ಇಲ್ಲವ್ವಾ, ಒಂದು ಪೈ ಮುಳುಗಿಸಿಲ್ಲ. ಆದ್ರ ಮನಿನೇ ಇಲ್ಲಂತಲ್ಲ ಅವರಿಗಿ, ಗೋದಾಮಿನ್ಯಾಗ ಮಲಗ್ತಾರಂತ. ನಾಳೆ ಕೀಲಿ ಹಾಕಿ ಹೋದ್ರ ನಾ ಯಾರ ಬಾಗಲಿಗಿ ಹೋಗಲಿ?" ಅಂದ ಕಾಕಾ. "ಅಡತ್ಯಾದವರೇ ಉದ್ರಿ ಬಂದ್ ಮಾಡ್ಯಾರಂತ. ನಮ್ಮಂಥವರು ಎಲ್ಲಿಯವರು?"

ಅವ ಹೇಳಿದ್ರಾಗ ತಪ್ಪಿದ್ದಿಲ್ಲ. ಆ ಸೀಜನ್ನಿನ್ಯಾಗ ಮಿಲ್ಲಿಗಿ ಉದ್ರಿ ಮಾಲು ಬರಲೇ ಇಲ್ಲ. ಬಾಗಲಾ ಮುಚ್ಚಲಿಲ್ಲ ಅಷ್ಟೇ. ಬ್ಯಾರೆಯವರ ತೊಗರಿ ಕೂಲಿ ಮ್ಯಾಲೆ ಒಡದು ಕೊಡಾಕತ್ತಿದ್ರು. ಮುಂಜಾನೆ ಬಸ್ ಸ್ಟ್ಯಾಂಡಿನ ಕಡಿ ಬಂದ್ರ ಸಾವ್ಕಾರ್ರು ನನ್ನ ಆಫೀಸಿನ ಎದುರಿನಿಂದೇ ಹಾದು ಹೋಗ್ತಿದ್ರು. ನಾ ಕಂಪ್ಯೂಟರಿನ ಹಿಂದ ಮಾರಿ ಇಡ್ತಿದ್ದೆ. ಇಂದಿಗೂ ಅವರನ್ನ ನೆಟ್ಟಗ ನೋಡೋ ಧೈರ್ಯ ನನಗಿಲ್ಲ.

ಮೊನ್ನೆ ಜೇವರ್ಗಿಯಿಂದ ಒಂದು ಫೋನ್ ಬಂತು. ಎಣ್ಣಿ ಮಿಲ್ಲಿನ ಮಾಲಕರು, ತಮ್ಮದೂ ಟ್ಯಾಕ್ಸಿನ ತಕರಾರದ, ಬಂದು ನೋಡ್ರಿ ಅಂತ. ಹೋದೆ. ಮಿಲ್ಲಿನ ಬಾಜೂಕೇ ಎರಡಂತಸ್ತಿನ ಮನಿ, ಮುಂದ ಕಾರು. ಚಹಾ ಕುಡಿಸಿ, "ನಿಮ್ಮ ಹೆಸರು ಇಲ್ಲೆಲ್ಲಾ ಆಗ್ಯದ್ರಿ ಮೇಡಂ. ಆಳಂದದ ಗೋದಾಮಿನ ಕೇಸ್ ನೀವೇ ಅಲ್ರಿ ಮಾಡಿದ್ದು?" ಅಂದ್ರು. ಬರ್ರಿ ಅಂತ ಮಿಲ್ಲಿನ ಹಿಂದ ಕರಕೊಂಡು ಹೋದ್ರು.

ಹಿಂಡಿ ಚೀಲಾ ಒಂದು ಕಡಿ ಸರಿಸಿ ಜಾಗಾ ಮಾಡಿದ್ರು. ಅಲ್ಲಿ ಒಂದು ಹಳೇ ಮಂಚ ಹಾಕಿದ್ರು, ಹರಕ ಕೌದಿ ಹಾಸಿದ್ರು. ಮೂಲ್ಯಾಗ ಒಂದು ಗ್ಯಾಸ್ ಒಲಿ, ಅದಕ್ಕ ಸಿಲಿಂಡರ್ ಇದ್ದಿಲ್ಲ. ಹಗ್ಗಕ್ಕ ಒಂದು ಸೀರಿ ಒಣಹಾಕಿದ್ರು.

"ನಮ್ಮ ಮನ್ಯಾಗಿನವರಿಗಿ ಹೇಳೇನಿ," ಅಂತ ಮಾಲಕರು ನಕ್ಕರು. "ಸಾಹೇಬ್ರು ಬರೋ ದಿನ ಒಂದು ತಾಸು ಇಲ್ಲಿ ಬಂದು ಕೂಡ್ತಾಳ. ಆಳಂದದಾಗೂ ಹಿಂಗೇ ಇತ್ತಲ್ರಿ?"

"ಇಲ್ರಿ," ಅಂದೆ. "ಅಲ್ಲಿ ಹಿಂಗ ಇದ್ದಿಲ್ಲ."

"ಮತ್ತ ಹೆಂಗಿತ್ರಿ?" ಅಂದ್ರು, ಕಿಸೆದಾಗಿಂದ ಮೊಬೈಲ್ ತಗದು ಬರಕೊಳ್ಳಾಕ ತಯ್ಯಾರಾಗಿ. "ಹೇಳ್ರಿ ಮೇಡಂ. ಹಂಗೇ ಮಾಡಸ್ತೇನಿ."

ಫೈಲು ಬಗಲಾಗ ಹಿಡಕೊಂಡು ಹೊರಗ ಬಂದೆ. ಹಿಂದಿನಿಂದ ಅವರು, "ಫೀ ಎಷ್ಟಾದ್ರೂ ಕೊಡ್ತೇನ್ರಿ!" ಅಂತ ಕೂಗಾಕತ್ತಿದ್ರು.